ಅಡಿಕೆ ಒಣಗಿಸುವ ತಾರಸಿ ಸೋರಿದಾಗ: ಒಂದು ದಾಸ್ತಾನು ಶೆಡ್ಡಿನ ಪ್ರಕರಣ

ಪುತ್ತೂರು ತಾಲ್ಲೂಕಿನ ಅಡಿಕೆ ತೋಟವೊಂದರಲ್ಲಿ, ಮನೆಯಿಂದ ತುಸು ದೂರಕ್ಕೆ ಈ ಶೆಡ್ಡು ಇದೆ. ಉದ್ದ 30 ಅಡಿ, ಅಗಲ 20 ಅಡಿ. ಕೆಂಪುಕಲ್ಲಿನ ಗೋಡೆ, ನಡುವೆ ಎರಡು ಕಾಂಕ್ರೀಟ್ ತೊಲೆ, ಮೇಲೆ ನಾಲ್ಕೂವರೆ ಇಂಚು ದಪ್ಪದ ಆರ್‌ಸಿಸಿ ತಾರಸಿ, ಸುತ್ತ ಒಂದಡಿ ಎತ್ತರದ ಪ್ಯಾರಾಪೆಟ್. ಒಳಗೆ ಚಾಲಿ ಅಡಿಕೆಯ, ಅಂದರೆ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದರ, ಗೋಣಿಚೀಲಗಳು, ಗೊಬ್ಬರ, ಔಷಧಿ ಸಿಂಪಡಿಸುವ ಪಂಪು, ಮೈಲುತುತ್ತು, ಸುಣ್ಣ. ಮೇಲೆ ನವೆಂಬರಿನಿಂದ ಮಾರ್ಚಿನವರೆಗೆ ಅಡಿಕೆ ಹರಡಿರುತ್ತದೆ. ಒಂದೇ ತಾರಸಿ ಮಳೆಗಾಲಕ್ಕೆ ಕೊಡೆಯಾಗಬೇಕು, ಬೇಸಿಗೆಗೆ ಅಂಗಳವಾಗಬೇಕು. ಈ ಪ್ರಕರಣದ ತೊಡಕೆಲ್ಲ ಇರುವುದು ಇಲ್ಲಿಯೇ.

ಸೋರಿಕೆ ಶುರುವಾಗಿ ಕೆಲವು ವರ್ಷಗಳೇ ಆಗಿದ್ದವು. ಮೊದಲು ಚಾವಣಿಯಲ್ಲಿ ಒಂದು ಒದ್ದೆ ಕಲೆ, ಆಮೇಲೆ ತೊಟ್ಟಿಕ್ಕುವ ನೀರು, ಕೊನೆಗೆ ಜುಲೈ ತಿಂಗಳಿಡೀ ಚೀಲಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊರುವ ಕೆಲಸ. ಚಾಲಿ ಅಡಿಕೆಯನ್ನು ಒಂದೆರಡು ಮಳೆಗಾಲ ಕಾಪಾಡಿ ಇಟ್ಟುಕೊಂಡವರಿಗೆ ‘ಸಿಂಗಲ್ ಚೋಲ್’, ‘ಡಬ್ಬಲ್ ಚೋಲ್’ ಎಂದು ಹೆಚ್ಚಿನ ಧಾರಣೆ ಸಿಗುತ್ತದೆ. ಅದೇ ಅಡಿಕೆಗೆ ತೇವ ತಗಲಿ ಬೂಷ್ಟು ಹಿಡಿದರೆ ಕೆಳದರ್ಜೆಯ ಮಾಲಿನ ರಾಶಿಗೆ ಹೋಗುತ್ತದೆ. ಆದ್ದರಿಂದ ಇಲ್ಲಿ ಸೋರುವ ತಾರಸಿ ಎಂದರೆ ಬರೀ ಕಿರಿಕಿರಿಯಲ್ಲ. ಕಾದು ಮಾರುವ ಅವಕಾಶವನ್ನೇ ಅದು ಕಿತ್ತುಕೊಳ್ಳುತ್ತದೆ. ಮನೆಯವರು ಎರಡು ವರ್ಷ ಅಡಿಕೆಯನ್ನು ಹೊಸ ಮಾಲಾಗಿಯೇ, ಸಿಕ್ಕಿದ ದರಕ್ಕೆ ಕೊಟ್ಟಿದ್ದರು.

ಅಡಿಕೆ ಒಣಗಿ ಮುಗಿಯುವ ಹೊತ್ತಿಗೆ, ಮಾರ್ಚಿನಲ್ಲಿ, ನನ್ನನ್ನು ಕರೆಸಿದರು. ಕಟ್ಟಡ ದುರಸ್ತಿಯೇ ನನ್ನ ಕೆಲಸ. ನಾನು ಹೋಗುವಷ್ಟರಲ್ಲಿ ಸಲಹೆಗಳ ಸಂತೆಯೇ ನೆರೆದಿತ್ತು. ಮೇಸ್ತ್ರಿ ಇಟ್ಟಿಗೆ ಚೂರು ಹಾಕಿ ನಾಲ್ಕು ಇಂಚು ಗಾರೆ ಎತ್ತರಿಸೋಣ ಎನ್ನುತ್ತಿದ್ದರು. ಪೇಟೆಯ ಬಣ್ಣದಂಗಡಿಯವರು ಬಿಳಿ ಲೇಪನದ ಎರಡು ಬಕೆಟ್ ಸಾಕು ಎಂದಿದ್ದರು. ಮನೆಯೊಡತಿಯ ತಮ್ಮ, “ಭಾವ, ಟ್ರಸ್ ನಿಲ್ಲಿಸಿ ಶೀಟು ಹಾಕಿಸಿಬಿಡಿ, ಒಂದೇ ಸಲಕ್ಕೆ ಮುಗಿಯುತ್ತದೆ” ಎಂದು ಹಟ ಹಿಡಿದಿದ್ದರು. ಮೂರೂ ನಮ್ಮ ಕಡೆ ಚಾಲ್ತಿಯಲ್ಲಿರುವ ಪರಿಹಾರಗಳೇ. ಆದರೆ ನೀರು ಎಲ್ಲಿಂದ ಒಳಗೆ ಬರುತ್ತಿದೆ ಎಂಬುದನ್ನು ಯಾರೂ ನೋಡಿರಲಿಲ್ಲ.

ನೀರಿನ ದಾರಿ

ಚಾವಣಿಯ ಕಲೆ ಇರುವಲ್ಲಿಯೇ ಮೇಲೆ ಬಿರುಕು ಇರಬೇಕೆಂದು ಜನ ತಿಳಿಯುತ್ತಾರೆ. ಕಾಂಕ್ರೀಟಿನೊಳಗೆ ನೀರು ಹಾಗೆ ನೇರವಾಗಿ ಇಳಿಯುವುದಿಲ್ಲ. ಮೇಲಿನ ಸಾರಣೆಗೂ ತಾರಸಿಗೂ ನಡುವೆ ಅಂಟು ಬಿಟ್ಟಿದ್ದರೆ, ಆ ಸಂದಿನಲ್ಲಿ ಹತ್ತಡಿ ಹರಿದು, ಸಿಕ್ಕಿದ ಮೊದಲ ಸೀಳಿನಲ್ಲಿ ಕೆಳಗಿಳಿಯುತ್ತದೆ. ಇಲ್ಲಿ ಮಳೆ ನಿಂತ ಮರುದಿನವೂ ತೊಟ್ಟಿಕ್ಕುತ್ತಿತ್ತು ಎಂದು ಮನೆಯವರು ಹೇಳಿದಾಗಲೇ ಸಂಶಯ ಬಂದಿತ್ತು: ಮೇಲೆ ಎಲ್ಲೋ ನೀರು ಅಡಗಿ ಕುಳಿತಿದೆ. ತೊಟ್ಟಿಕ್ಕುವ ಜಾಗಗಳಲ್ಲಿ ಬೆಳ್ಳಗೆ ಸುಣ್ಣ ಕಟ್ಟಿತ್ತು. ಕಾಂಕ್ರೀಟಿನ ಮೂಲಕ ಹಾದ ನೀರು ಅದರೊಳಗಿನ ಸುಣ್ಣವನ್ನು ಕರಗಿಸಿ ತಂದು ಗಾಳಿಗೆ ಬಿಟ್ಟಾಗ ಹೀಗಾಗುತ್ತದೆ. ಕಲೆ ದಪ್ಪವಾಗಿದ್ದಷ್ಟೂ ಆ ದಾರಿ ಹಳೆಯದು.

ತಾರಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ನಡೆದೆವು. ಗಟ್ಟಿ ಜಾಗದಲ್ಲಿ ಠಣ್ ಎಂದರೆ, ಪೊಳ್ಳು ಜಾಗದಲ್ಲಿ ಡಬ್ ಎನ್ನುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗ ಪೊಳ್ಳು. ಒಂದು ಅಂಚಿನಲ್ಲಿ ಉಳಿ ಇಟ್ಟು ಎಬ್ಬಿಸಿದಾಗ ಶೆಡ್ಡಿನ ಚರಿತ್ರೆಯೇ ಪದರ ಪದರವಾಗಿ ಕಾಣಿಸಿತು: ಕೆಳಗೆ ಕಟ್ಟುವಾಗ ಹಾಕಿದ ಒಂದಿಂಚಿನ ಸಾರಣೆ, ಅದರ ಮೇಲೆ ಸಿಮೆಂಟು ಹಾಲಿನ ಒಂದು ಪೊರೆ, ಮತ್ತೆ ಒಂದೂವರೆ ಇಂಚಿನ ಇನ್ನೊಂದು ಸಾರಣೆ, ತುದಿಯಲ್ಲಿ ಸಿಪ್ಪೆಯಂತೆ ಎದ್ದ ಬಣ್ಣ. ಪದರಗಳ ನಡುವಿನ ಮಣ್ಣು ಮಾರ್ಚಿನ ಆ ಬಿಸಿಲಿನಲ್ಲೂ ತೇವವಾಗಿತ್ತು.

ಪ್ರತಿ ದುರಸ್ತಿಯೂ ಹಿಂದಿನದರ ಮೇಲೆ ಗಡುಸು ಗಾರೆಯ ಇನ್ನೊಂದು ಹೊದಿಕೆ ಹಾಕಿತ್ತು, ಪ್ರತಿಯೊಂದೂ ಬಿರುಕು ಬಿಟ್ಟಿತ್ತು. ಅದಕ್ಕೆ ಕಾರಣ ಲೆಕ್ಕಕ್ಕೆ ಸಿಗುವಂಥದ್ದು. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಕಾಂಕ್ರೀಟ್ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನದ ಕಾದ ತಾರಸಿಗೂ ಜುಲೈಯ ತಣ್ಣನೆಯ ಬೆಳಗಿಗೂ 30 ಡಿಗ್ರಿ ಅಂತರ ಹಿಡಿದರೆ, ಒಂಬತ್ತು ಮೀಟರ್ ಉದ್ದದ ಈ ತಾರಸಿ ಹತ್ತಿರ ಹತ್ತಿರ ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಬಿರುಕಿನ ಮೇಲೆ ಬಾಗದ ಗಾರೆ ಮೆತ್ತಿದರೆ, ಕೆಳಗಿನ ಬಿರುಕು ಅದೇ ಗೆರೆಯಲ್ಲಿ ಮೇಲಕ್ಕೆ ಬಂದೇ ಬರುತ್ತದೆ. ಗಾರೆಗೆ ಬೆರೆಸುವ ನೀರುನಿರೋಧಕ ಪುಡಿಯಾಗಲಿ ದ್ರಾವಣವಾಗಲಿ ಗಾರೆಯೊಳಗಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆಯೇ ಹೊರತು ಅದಕ್ಕೆ ಬಾಗುವ ಗುಣ ತರುವುದಿಲ್ಲ.

ನೀರಿನ ಪರೀಕ್ಷೆಯನ್ನು ಇಡೀ ತಾರಸಿಗೆ ಒಟ್ಟಿಗೆ ಮಾಡಲಿಲ್ಲ. ಹಾಗೆ ಮಾಡಿದರೆ ಸೋರುತ್ತದೆ ಎಂದು ಗೊತ್ತಾಗುತ್ತದೆ, ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ತೋಟದ ಜೇಡಿಮಣ್ಣು ಕಲಸಿ ನಾಲ್ಕು ಬೆರಳೆತ್ತರದ ಬದು ಕಟ್ಟಿ, ತಾರಸಿಯನ್ನು ಆರು ಮಡಿಗಳಾಗಿ ಒಡೆದೆವು. ಪ್ಯಾರಾಪೆಟ್‌ನಿಂದ ಒಂದಡಿ ದೂರದಲ್ಲಿಯೂ ಒಂದು ಬದು ಹಾಕಿ, ಅಂಚನ್ನು ಬೇರೆ ಮಡಿಯಾಗಿ ಇಟ್ಟೆವು. ಒಂದೊಂದು ಮಡಿಗೂ ಒಂದಿಂಚು ನೀರು ನಿಲ್ಲಿಸಿ, ಎರಡು ಹಗಲು ಎರಡು ರಾತ್ರಿ ಬಿಟ್ಟು, ಕೆಳಗೆ ಚಾವಣಿಯಲ್ಲಿ ಒದ್ದೆಯ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಾ ಹೋದೆವು. ನಡುಭಾಗದ ಮಡಿಗಳಲ್ಲಿ ನಾಲ್ಕು ಒಣಗಿಯೇ ಉಳಿದವು. ಸೋರಿದ್ದು ಮೂರು ಕಡೆ: ಒಂದು ತೊಲೆಯ ನೆತ್ತಿಯ ಮೇಲೆ ಉದ್ದಕ್ಕೆ ಹೋದ ಬಿರುಕು, ಪ್ಯಾರಾಪೆಟ್ಟಿನ ಬುಡದಲ್ಲಿ ತಾರಸಿ ಮತ್ತು ಗೋಡೆ ಕೂಡುವ ಸಂದು, ಮತ್ತು ನೀರು ಹೊರಬೀಳುವ ಎರಡು ಪೈಪುಗಳ ಸುತ್ತ.

ಆ ಪೈಪುಗಳ ಕಥೆ ಬೇರೆಯೇ. ಎರಡಿಂಚಿನ ಎರಡು ಪಿವಿಸಿ ತುಂಡುಗಳು. ಸಾರಣೆಯ ಮೇಲೆ ಸಾರಣೆ ಏರಿ, ಅವುಗಳ ಬಾಯಿ ಅರ್ಧ ಹೂತು ಹೋಗಿತ್ತು. ಸುತ್ತಮುತ್ತ ಹಳ್ಳ, ಹಳ್ಳದಲ್ಲಿ ಪಾಚಿ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 56 ಚದರ ಮೀಟರಿನ ಈ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಸುರಿದ ದಿನ 5,600 ಲೀಟರ್ ನೀರು ಆ ಎರಡು ಬಾಯಿಗಳಿಂದ ಹೊರಹೋಗಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ, ಗಂಟೆಗೆ 100 ಮಿಲಿಮೀಟರಿನ ಜಡಿಮಳೆಗೆ ಎರಡಿಂಚಿನ ಮಳೆನೀರು ಕೊಳವೆಯೊಂದು ಸುಮಾರು ಆರೂವರೆ ಚದರ ಮೀಟರ್ ತಾರಸಿಗೆ ಮಾತ್ರ ಸಾಲುತ್ತದೆ. ನಾಲ್ಕಿಂಚಿನದು 42 ಚದರ ಮೀಟರಿಗೆ. ಅಂದರೆ ಈ ತಾರಸಿ ಕಟ್ಟಿದ ದಿನದಿಂದಲೇ, ಆರಿದ್ರಾ ಮಳೆ ಹಿಡಿದರೆ ಸಾಕು, ಕೆರೆಯಾಗುತ್ತಿತ್ತು. ಇಂಥ ತಾರಸಿಗೆ ಎಷ್ಟು ದುಬಾರಿ ಹೊದಿಕೆ ಹಾಕಿದರೂ ಅದು ನೀರಿನೊಳಗೆ ಮುಳುಗಿಯೇ ಬಾಳಬೇಕು. ಹೊದಿಕೆಯನ್ನು ಆರಿಸುವ ಮೊದಲು ನೀರು ನಿಲ್ಲದಂತೆ ಮಾಡುವುದು, ತಾರಸಿಯನ್ನು ಯಾವುದಕ್ಕೆ ಬಳಸುತ್ತೇವೆ ಎಂದು ತೀರ್ಮಾನಿಸುವುದು, ಇವೆರಡೂ ಆಗಬೇಕು ಎಂದು ನಾನು ಮನೆಯವರಿಗೆ ಪಟ್ಟು ಹಿಡಿದು ಹೇಳಿದೆ.

ಯಾವ ಹೊದಿಕೆ, ಯಾಕೆ ಬೇಡ

ಟಾರ್ಪಾಲು ಆಗಲೇ ಪ್ರಯೋಗವಾಗಿತ್ತು. ಒಂದು ಮಳೆಗಾಲ ದಾಟಿಸಲು ಅದು ಒಳ್ಳೆಯದೇ. ಗಾಳಿಗೆ ಎದ್ದು ಹೋಗದಂತೆ ಕಲ್ಲು ಹೇರಿದ ಕಡೆ ತೂತಾಗುತ್ತದೆ, ಅಡಿಗೆ ನುಗ್ಗಿದ ನೀರು ಆರುವುದಿಲ್ಲ. ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ ಹಾಸಿದರೆ ಹೇಗೆ ಎಂದು ಮನೆಯವರು ಕೇಳಿದರು. ಹೊಂಡದಲ್ಲಿ ಆ ಹಾಳೆಯನ್ನು ಹಿಡಿದು ಕೂರಿಸುವುದು ನೀರಿನ ಭಾರ. ತಾರಸಿಯ ಮೇಲೆ ಆ ಭಾರವಿಲ್ಲ, ಗಾಳಿ ಅಡಿಗೆ ನುಗ್ಗುತ್ತದೆ, ಪ್ಯಾರಾಪೆಟ್ಟಿನ ಬುಡದಲ್ಲಿಯೂ ಪೈಪಿನ ಬಾಯಲ್ಲಿಯೂ ಅದನ್ನು ಅಂಟಿಸುವ ಬಗೆಯೂ ಸುಲಭವಿಲ್ಲ. ನಾವು ಮುಚ್ಚಬೇಕಾದ ಜಾಗಗಳು ಅವೇ.

ಮೇಸ್ತ್ರಿಯವರ ಇಟ್ಟಿಗೆ ಚೂರಿನ ಗಾರೆ ಹಳೆಯ, ಮರ್ಯಾದೆಯ ವಿಧಾನ. ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಬಳಸಿ, ದಿನಗಟ್ಟಲೆ ಬಡಿದು ಮಾಡಿದ ತಾರಸಿಗಳು ಇಂದಿಗೂ ಸೋರದೆ ನಿಂತಿರುವುದನ್ನು ಕಂಡಿದ್ದೇನೆ. ಇಲ್ಲಿ ಅದನ್ನು ಬೇಡವೆಂದದ್ದು ಭಾರದ ಕಾರಣಕ್ಕೆ. ಒಂದಿಂಚು ಗಾರೆ ಎಂದರೆ ಚದರ ಮೀಟರಿಗೆ ಸುಮಾರು 50 ಕಿಲೋ. ನಾಲ್ಕಿಂಚು ಏರಿಸಿದರೆ ಹತ್ತಿರ ಹತ್ತಿರ 200 ಕಿಲೋ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಹಿಡಿಯುವ ಬಳಕೆಯ ಭಾರವೇ ಚದರ ಮೀಟರಿಗೆ 150 ಕಿಲೋ. ಇದರ ಮೇಲೆ ಹಸಿ ಅಡಿಕೆಯ ತೂಕವೂ ಬೀಳಬೇಕು. ಈಗಾಗಲೇ ಒಂದು ಕಡೆ ಸರಳಿಗೆ ತುಕ್ಕು ಹಿಡಿದು ಚಾವಣಿಯ ಕಾಂಕ್ರೀಟ್ ಉದುರಿದ್ದ ಕಟ್ಟಡಕ್ಕೆ ಅಷ್ಟು ಭಾರ ಹೇರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಡಾಂಬರಿನ ಶೀಟು, ಅಂದರೆ ಬೆಂಕಿಯ ಜ್ವಾಲೆಯಿಂದ ಕಾಯಿಸಿ ಅಂಟಿಸುವ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಸುರುಳಿ, ನೀರು ತಡೆಯುವುದರಲ್ಲಿ ಎತ್ತಿದ ಕೈ. ಬರೀ ನೆರಳಿಗಿರುವ ಶೆಡ್ಡಾಗಿದ್ದರೆ ಎರಡನೆಯ ಮಾತಿಲ್ಲದೆ ಅದನ್ನೇ ಹಾಕಿಸುತ್ತಿದ್ದೆ. ಆದರೆ ಬಿಸಿಲಿಗೆ ಮೆತ್ತಗಾಗುವ ಡಾಂಬರಿನ ಮೇಲೆ, ಜನ ಬಾಯಿಗೆ ಹಾಕಿ ಅಗಿಯುವ ಅಡಿಕೆಯನ್ನು ತಿಂಗಳುಗಟ್ಟಲೆ ಹರಡುವುದು ಸಲ್ಲದು. ವಾಸನೆ ಹಿಡಿದ ಅಡಿಕೆಯನ್ನು ವ್ಯಾಪಾರಿ ಮೂಗಿನ ಹತ್ತಿರ ಹಿಡಿದ ಕ್ಷಣವೇ ಗುರುತಿಸುತ್ತಾನೆ.

ಬಣ್ಣದಂಗಡಿಯ ಬಿಳಿ ಅಕ್ರಿಲಿಕ್ ಲೇಪನ ಅಗ್ಗ, ಮನೆಯವರೇ ಬಳಿಯಬಹುದು, ಬಿಸಿಲನ್ನು ಹಿಂದಕ್ಕೆ ಎಸೆದು ಒಳಗೆ ತಂಪಾಗಿಡುತ್ತದೆ. ವಾಸದ ಮನೆಯ ಇಳಿಜಾರಾದ ತಾರಸಿಗೆ ನಾನೇ ಅದನ್ನು ಸೂಚಿಸಿದ್ದುಂಟು. ನೀರು ನಿಲ್ಲುವ ಕಡೆ ಮಾತ್ರ ಅದು ಮೆತ್ತಗಾಗಿ ಎದ್ದು ಬರುತ್ತದೆ. ದಿನಕ್ಕೆರಡು ಬಾರಿ ಅಡಿಕೆ ಮಗುಚುವ ಹಲಗೆಯ ಉಜ್ಜಾಟಕ್ಕಂತೂ ಒಂದೆರಡು ವರ್ಷ ಉಳಿಯುವುದೇ ಕಷ್ಟ. ಹಿಂದಿನ ಬಣ್ಣ ಸಿಪ್ಪೆ ಎದ್ದದ್ದು ಹಾಗೆಯೇ. ಪಾಲಿಯುರೆಥೇನ್ ಲೇಪನ ರಬ್ಬರಿನಂತೆ ಹಿಗ್ಗುವಂಥದ್ದು, ಗಟ್ಟಿಮುಟ್ಟು. ಆದರೆ ಬೆಲೆ ಹೆಚ್ಚು, ಮೇಲ್ಮೈ ಪೂರ್ತಿ ಒಣಗಿರಬೇಕು. ವರ್ಷಗಳಿಂದ ನೀರು ಕುಡಿದ ಈ ಕಾಂಕ್ರೀಟ್ ಬಿಸಿಲಿಗೆ ಆವಿ ಬಿಡತೊಡಗಿದರೆ ಲೇಪನ ಬೊಕ್ಕೆ ಬೊಕ್ಕೆಯಾಗಿ ಏಳುತ್ತದೆ.

ಉಳಿದದ್ದು ಶೀಟಿನ ಮಾಡು. ನಮ್ಮೂರಿನಲ್ಲಿ ಸೋರುವ ತಾರಸಿಗೆ ಬಹುಮಂದಿ ಕಂಡುಕೊಂಡ ದಾರಿ ಇದೇ, ಅದರಲ್ಲಿ ತಪ್ಪಿಲ್ಲ. ಮಳೆ ತಾರಸಿಯನ್ನು ಮುಟ್ಟುವುದೇ ಇಲ್ಲ, ಮೇಲೊಂದು ಜಾಗವೂ ಸಿಗುತ್ತದೆ. ಆದರೆ ಶೀಟು ಬಂದರೆ ಬಿಸಿಲು ಹೋಯಿತು. ಚಾಲಿಗೆ 40 ದಿನದ ಆಸುಪಾಸು ಬಿಸಿಲು ಬೇಕು. ಮನೆಯ ಅಂಗಳದಲ್ಲಿ ಅರ್ಧದಿನ ತೆಂಗಿನ ನೆರಳು. ಪಾರದರ್ಶಕ ಶೀಟು ಹಾಕಬಹುದಿತ್ತು. ಅದಕ್ಕೆ ಬೇಕಾದ ಕಬ್ಬಿಣದ ಕೆಲಸ ಸೇರಿ ಖರ್ಚು ದುಪ್ಪಟ್ಟಿನ ಹತ್ತಿರ ಹೋಗುತ್ತಿತ್ತು, ಕಂಬಗಳನ್ನು ನಿಲ್ಲಿಸಲು ಅದೇ ಬಡ ತಾರಸಿಗೆ ಬೋಲ್ಟು ಕೊರೆಯಬೇಕಿತ್ತು. ಮನೆಯವರು ಇದನ್ನು ಎರಡು ದಿನ ಯೋಚಿಸಿ, ತಾವೇ ಕೈಬಿಟ್ಟರು.

ನಾವು ಆರಿಸಿದ್ದು ಎರಡು ಭಾಗಗಳನ್ನು ಕಲಸಿ ಬಳಿಯುವ ಪಾಲಿಮರ್ ಸಿಮೆಂಟ್ ಲೇಪನ. ಒಂದು ಡಬ್ಬಿಯಲ್ಲಿ ಹಾಲಿನಂಥ ದ್ರವ, ಇನ್ನೊಂದು ಚೀಲದಲ್ಲಿ ಸಿಮೆಂಟು ಬೆರೆತ ಪುಡಿ. ನೀರಿನ ತೊಟ್ಟಿಗಳಿಗೆ ಇಂಥದ್ದನ್ನೇ ಬಳಿಯುತ್ತಾರೆ. ತುಸು ತೇವವಿರುವ ಕಾಂಕ್ರೀಟಿಗೂ ಅಂಟುತ್ತದೆ, ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ, ಬಾಗುವ ದರ್ಜೆಯದನ್ನು ಕೇಳಿ ತಂದರೆ ಕೂದಲೆಳೆಯ ಬಿರುಕುಗಳನ್ನು ದಾಟಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮೇಲೆ ಗಾರೆ ಹಿಡಿಯುತ್ತದೆ. ಲೇಪನವನ್ನು ಅಡಿಯಲ್ಲಿ ಅಡಗಿಸಿ ಮೇಲೆ ತೆಳ್ಳಗಿನ ಗಾರೆ ಹಾಸಿದರೆ ಅಡಿಕೆಗೂ ಹಲಗೆಗೂ ಸಿಗುವುದು ಎಂದಿನ ಸಿಮೆಂಟು ನೆಲ. ನೀರು ತಡೆಯುವ ಪದರಕ್ಕೆ ಬಿಸಿಲೂ ತಾಗುವುದಿಲ್ಲ, ಉಜ್ಜಾಟವೂ ತಾಗುವುದಿಲ್ಲ.

ಕೆಲಸ

ಏಪ್ರಿಲ್ ಮೊದಲ ವಾರದಲ್ಲಿ ಕೈಹಾಕಿದೆವು. ಪತ್ತನಾಜೆಯ (ಮೇ ಕೊನೆಯ ವಾರ ಬರುವ ತುಳುನಾಡಿನ ಆಚರಣೆಯ ದಿನ) ಹೊತ್ತಿಗೆ ಮುಗಿಯಲೇಬೇಕು ಎಂಬ ಗಡುವು ಮನೆಯವರದ್ದು. ಮೇ ತಿಂಗಳ ಗುಡುಗುಮಳೆಯ ಭಯ ನನ್ನದು.

ಹಳೆಯ ಎರಡೂವರೆ ಇಂಚನ್ನು ಕಾಂಕ್ರೀಟ್ ಕಾಣುವವರೆಗೆ ಕಿತ್ತು ಹಾಕಿದ್ದೇ ದೊಡ್ಡ ಕೆಲಸ. ಕೂಲಿಯ ಹೆಚ್ಚಿನ ಪಾಲು ಅಲ್ಲಿಯೇ ಹೋಯಿತು, ಹೋದದ್ದು ಸಾರ್ಥಕ. ಚದರ ಮೀಟರಿಗೆ ಸುಮಾರು 125 ಕಿಲೋ ಭಾರ ಇಳಿಯಿತು. ಹೊಸದಾಗಿ ಹಾಕುವ ಎಲ್ಲವೂ ಆ ಲೆಕ್ಕದೊಳಗೇ ಇರಬೇಕು ಎಂದು ನಿಗದಿ ಮಾಡಿಕೊಂಡೆವು. ಚಾವಣಿಯಲ್ಲಿ ತುಕ್ಕು ಹಿಡಿದ ಸರಳನ್ನು ಸುತ್ತಲೂ ಬಿಡಿಸಿ, ತಂತಿ ಬ್ರಷ್ಷಿನಿಂದ ಹೊಳಪು ಬರುವವರೆಗೆ ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ಮುಚ್ಚಿದೆವು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಉಜ್ಜದೆ ಮುಚ್ಚಿದರೆ ಹೊಸ ಗಾರೆಯನ್ನೂ ಹೊರದೂಡುತ್ತದೆ.

ಹಳೆಯ ಪೈಪುಗಳನ್ನು ಕಿತ್ತು, ಉದ್ದದ ಎರಡೂ ಬದಿಗೆ ಎರಡೆರಡರಂತೆ ನಾಲ್ಕಿಂಚಿನ ನಾಲ್ಕು ಪೈಪುಗಳನ್ನು ಕಾಂಕ್ರೀಟಿನ ಮಟ್ಟಕ್ಕೇ ಕೂರಿಸಿದೆವು. ಲೆಕ್ಕಕ್ಕೆ ಎರಡು ಸಾಕಾಗುತ್ತಿತ್ತು. ತೋಟದ ನಡುವಿನ ತಾರಸಿಯಲ್ಲಿ ಒಂದು ಅಡಿಕೆ ಹಾಳೆ ಬಿದ್ದು ಒಂದು ಬಾಯಿ ಮುಚ್ಚುವುದು ದಿನನಿತ್ಯದ ಸಂಗತಿ, ಅದಕ್ಕೇ ನಾಲ್ಕು. ಒಣಗಿಸುವಾಗ ಅಡಿಕೆ ಉರುಳಿ ಹೋಗದಂತೆ, ತೆಗೆದು ಹಾಕಬಹುದಾದ ಜಾಲರಿ ಇಟ್ಟೆವು.

ಆಮೇಲೆ ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು. ನಡುವೆ ಉದ್ದಕ್ಕೆ ಬೆನ್ನು ಮಾಡಿ ಎರಡೂ ಕಡೆ ನೂರಕ್ಕೆ ಒಂದರಂತೆ ಇಳಿಸಿದೆವು. ಮೂರು ಮೀಟರಿಗೆ ಮೂರು ಸೆಂಟಿಮೀಟರ್ ಇಳಿತ. ಅಂಚಿನಲ್ಲಿ 20 ಮಿಲಿಮೀಟರ್, ಬೆನ್ನಿನಲ್ಲಿ 50. ಕಣ್ಣಿಗೆ ಕಾಣದಷ್ಟು ಸಣ್ಣ ವಾಟ. ಅಡಿಕೆ ಉರುಳುವುದಿಲ್ಲ, ನೀರು ನಿಲ್ಲುವುದಿಲ್ಲ. ಪ್ಯಾರಾಪೆಟ್ಟಿನ ಬುಡದ ಮೂಲೆಯನ್ನು ಗಾರೆಯಿಂದ ಉರುಟಾಗಿ ತುಂಬಿದೆವು. ಚೂಪು ಮೂಲೆಯಲ್ಲಿ ಯಾವ ಲೇಪನವೂ ತೆಳ್ಳಗಾಗಿ ಬಿರಿಯುತ್ತದೆ.

ಲೇಪನಕ್ಕೆ ಮೊದಲು ಮೂರು ಅಪಾಯದ ಜಾಗಗಳಿಗೆ, ಅಂದರೆ ತೊಲೆಯ ಮೇಲಿನ ಬಿರುಕು, ಬುಡದ ಸಂದು ಮತ್ತು ಪೈಪಿನ ಬಾಯಿಗಳಿಗೆ, ಹಸಿ ಲೇಪನದ ಮೇಲೆ ಗಾಜಿನ ನಾರಿನ ಬಲೆ ಒತ್ತಿ ಕೂರಿಸಿ ಮತ್ತೆ ಬಳಿದೆವು. ಬಿರುಕನ್ನು ವಾಟದ ಗಾರೆ ಹಾಕುವ ಮುಂಚೆಯೇ ಇಂಗ್ಲಿಷಿನ ‘ವಿ’ ಆಕಾರಕ್ಕೆ ಕೊರೆದು, ಬಾಗುವ ಸೀಲಂಟ್ ತುಂಬಿ, ಅದೇ ಗೆರೆಯಲ್ಲಿ ವಾಟದ ಗಾರೆಯಲ್ಲಿಯೂ ಸಂದು ಬಿಟ್ಟಿದ್ದೆವು. ಇಡೀ ತಾರಸಿಗೆ ಎರಡು ಕೈ, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಪ್ಯಾರಾಪೆಟ್ಟಿನ ಮೇಲೂ ಒಂಬತ್ತು ಇಂಚು ಎತ್ತರಕ್ಕೆ. ಬೆಳಿಗ್ಗೆ ಹತ್ತರೊಳಗೆ ನಿಲ್ಲಿಸಿ ಸಂಜೆ ಮತ್ತೆ ಶುರು ಮಾಡುತ್ತಿದ್ದೆವು; ಕಾದ ಕಾಂಕ್ರೀಟಿನ ಮೇಲೆ ಬಳಿದದ್ದು ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಲೇಪನ ಗಟ್ಟಿಯಾದ ಮೇಲೆ ಎರಡು ದಿನ ನೀರು ನಿಲ್ಲಿಸಿ ನೋಡಿದೆವು. ಚಾವಣಿ ಒಣಗಿಯೇ ಇತ್ತು. ಅದಾದ ಮೇಲೆಯೇ ಒಂದಿಂಚಿನ ರಕ್ಷಣಾ ಗಾರೆ, ನಾಲ್ಕಡಿಗೊಂದು ಸಂದು ಬಿಟ್ಟು, ವಾರವಿಡೀ ನೀರುಣಿಸಿ. ಒಟ್ಟು ಖರ್ಚು ಶೀಟಿನ ಮಾಡಿಗೆ ಕೊಟ್ಟಿದ್ದ ಅಂದಾಜಿನ ಮುಕ್ಕಾಲು ಪಾಲಿನಷ್ಟಾಯಿತು.

ಮಳೆಗಾಲ

ಜೂನ್ ಕಳೆಯಿತು, ಒಂದು ತೊಟ್ಟೂ ಇಲ್ಲ. ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಮನೆಯವರ ಫೋನು ಬಂತು: ಪಶ್ಚಿಮದ ಗೋಡೆಯ ನೆತ್ತಿಯಲ್ಲಿ ಒಳಗಡೆ ಒದ್ದೆ. ಹೋಗಿ ನೋಡಿದರೆ ಚಾವಣಿ ಒಣ, ಗೋಡೆ ಮಾತ್ರ ತೇವ. ತಾರಸಿಯ ಬೇರೆ ಸೋರಿಕೆಗಳು ನಿಂತದ್ದರಿಂದಲೇ ಇದು ಬೇರೆಯಾಗಿ ಕಾಣಿಸಿಕೊಂಡಿತ್ತು. ಪ್ಯಾರಾಪೆಟ್ಟಿನ ಹೊರಮೈಗೆ ಸಾರಣೆ ಇರಲಿಲ್ಲ, ಬರಿಯ ಕೆಂಪುಕಲ್ಲು. ಕಡಲ ಕಡೆಯಿಂದ ಬೀಸುವ ಮಳೆ ಆ ಕಲ್ಲಿಗೆ ಬಡಿಯುತ್ತದೆ, ರಂಧ್ರದ ಕಲ್ಲು ನೀರು ಕುಡಿಯುತ್ತದೆ, ಆ ನೀರು ಲೇಪನದ ಅಡಿಯಿಂದ ಗೋಡೆಯೊಳಗೆ ಇಳಿಯುತ್ತದೆ. ಬೇಸಿಗೆಯ ಪರೀಕ್ಷೆಯಲ್ಲಿ ನಾವು ನಿಲ್ಲಿಸಿದ್ದು ತಾರಸಿಯ ಮೇಲಿನ ನೀರು. ಅಡ್ಡ ಬೀಸುವ ಮಳೆಯನ್ನು ಆ ಪರೀಕ್ಷೆ ತೋರಿಸುವುದಿಲ್ಲ. ಆ ಮಳೆಗಾಲಕ್ಕೆ ಚೀಲಗಳನ್ನು ಪಶ್ಚಿಮದ ಗೋಡೆಯಿಂದ ಎರಡಡಿ ಸರಿಸಿ, ಹಲಗೆಯ ಮೇಲೆ ಎತ್ತಿಟ್ಟರು. ಅಕ್ಟೋಬರಿನಲ್ಲಿ ಕಲ್ಲು ಒಣಗಿದ ಮೇಲೆ ಹೊರಮೈಗೆ ಸಾರಣೆ, ಪ್ಯಾರಾಪೆಟ್ಟಿನ ತಲೆಗೆ ಒಳಮುಖವಾದ ವಾಟದ ಕಾಂಕ್ರೀಟ್ ಪಟ್ಟಿ. ಪಟ್ಟಿಯ ಅಂಚು ಗೋಡೆಯಿಂದ ಎರಡಿಂಚು ಹೊರಗೆ ಚಾಚಿದೆ. ಅದರ ಅಡಿಯಲ್ಲಿ ಬೆರಳು ಹಿಡಿಯುವಷ್ಟು ಕಾಲುವೆ ಕೊರೆದಿದೆ, ನೀರು ಅಲ್ಲಿ ಕಡಿದು ಕೆಳಗೆ ಬೀಳುತ್ತದೆ, ಗೋಡೆಗೆ ಹರಿಯುವುದಿಲ್ಲ.

ಈ ಬಾರಿ ಕೊಯ್ದ ಅಡಿಕೆಯನ್ನು ಮನೆಯವರು ಮಾರಿಲ್ಲ, ಎರಡು ಮಳೆಗಾಲ ದಾಟಿಸುವ ಯೋಚನೆಯಲ್ಲಿದ್ದಾರೆ. ನವೆಂಬರ್ ಡಿಸೆಂಬರಿನ ಅಕಾಲ ಮಳೆಯಿಂದ ಒಣಗುವ ಅಡಿಕೆಯನ್ನು ಕಾಪಾಡಲು ತಾರಸಿಯ ಮೇಲೆ 200 ಮೈಕ್ರಾನ್ ಪಾರದರ್ಶಕ ಹಾಳೆಯ ಸೋಲಾರ್ ಗೂಡು ಕಟ್ಟುವ ಮಾತೂ ನಡೆದಿದೆ. ಕಟ್ಟಲಿ. ಕಮಾನಿನ ಪೈಪುಗಳನ್ನು ನಿಲ್ಲಿಸಲು ತಾರಸಿಗೆ ಒಂದು ತೂತೂ ಕೊರೆಯಬಾರದು. ತೊಲೆಗಳ ಮೇಲೆ ಮತ್ತು ಗೋಡೆಯ ಅಂಚಿನಲ್ಲಿ ಕಾಂಕ್ರೀಟ್ ಗಟ್ಟಿಗಳನ್ನಿಟ್ಟು, ಪೈಪಿನ ಬುಡವನ್ನು ಆ ಗಟ್ಟಿಗಳೊಳಗೇ ಹೂಳಬೇಕು. ಗಟ್ಟಿಗಳ ಅಳತೆಯನ್ನು ಬರೆದು ಮೇಸ್ತ್ರಿಯವರ ಕೈಗೆ ಕೊಟ್ಟಿದ್ದೇನೆ.